ನಿಧಾನವೇ ಸೂರ್ಯನ ಗುಟ್ಟು

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಒಂದು ವಿಚಿತ್ರ ಬಂಡೆಯಿದೆ. ದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದ ಹಾಗೆ ಅದರ ಮೈತುಂಬ ಉಬ್ಬುಗಳು. ಭೂವಿಜ್ಞಾನಿಗಳು ಅದನ್ನು ಕರೆಯುವುದೂ ದಿಂಬು ಲಾವಾ ಎಂದೇ, ಮತ್ತದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಈ ಆಕಾರ ಬರುತ್ತದೆ. ನೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ ದ್ರವ ಚೀಲದಂತೆ ಉಬ್ಬಿಕೊಳ್ಳುತ್ತದೆ, ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ಚೀಲ ಹುಟ್ಟುತ್ತದೆ. ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಂದು ಮಳೆಗಾಗಿ ಮುಗಿಲು ನೋಡುವ ಆ ಸೀಮೆಯಲ್ಲಿ ಅಂದು ಕಡಲಿತ್ತು.

ಇದರಲ್ಲೊಂದು ತೊಡಕಿದೆ. ಆ ಕಾಲದಲ್ಲಿ ಸೂರ್ಯನ ಕಾಂತಿ ಈಗಿನದಕ್ಕಿಂತ ಹೆಚ್ಚುಕಡಿಮೆ ಶೇ. 18ರಷ್ಟು ಕಮ್ಮಿಯಿತ್ತು. ಇವತ್ತಿನ ವಾತಾವರಣವನ್ನು ಹಾಗೇ ಇಟ್ಟು ಸೂರ್ಯನನ್ನು ಮಾತ್ರ ಅಷ್ಟು ಮಂಕಾಗಿಸಿದರೆ ಕಡಲೆಲ್ಲ ಹೆಪ್ಪುಗಟ್ಟಬೇಕು. ಆದರೂ ನೀರು ನೀರಾಗಿಯೇ ಇತ್ತು ಎನ್ನುತ್ತದೆ ಬಂಡೆ. ಸೂರ್ಯ ಅಂದು ಯಾಕೆ ಮಂಕಾಗಿದ್ದ, ಈಗ ಯಾಕೆ ಪ್ರಖರವಾಗುತ್ತಿದ್ದಾನೆ, ಭೂಮಿ ಅದನ್ನು ಹೇಗೆ ತಾಳಿಕೊಂಡಿತು? ಉತ್ತರಕ್ಕೆ ಸೂರ್ಯನ ಒಡಲಿಗೇ ಇಳಿಯಬೇಕು.

ಉರಿಯಲ್ಲ

ಮಾತಿಗೆ ಉರಿಬಿಸಿಲು ಎನ್ನುತ್ತೇವೆ, ಆದರೆ ಸೂರ್ಯ ಉರಿಯುತ್ತಿಲ್ಲ. ಉರಿಯುವುದೆಂದರೆ ಆಮ್ಲಜನಕದೊಡನೆ ಕೂಡುವುದು. ಸೂರ್ಯ ಪೂರ್ತಿ ಕಲ್ಲಿದ್ದಲಿನ ಗೋಳವಾಗಿದ್ದು, ಸುಡಲು ಬೇಕಾದ ಆಮ್ಲಜನಕವನ್ನು ಯಾರೋ ಹೊರಗಿನಿಂದ ಪೂರೈಸಿದ್ದರೂ, ಈಗಿನ ಕಾಂತಿಯಲ್ಲಿ ಸುಮಾರು 5,000 ವರ್ಷಕ್ಕೆ ಬೂದಿಯಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿಗಳಾದ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ ಹುಡುಕಿದರು. ಸೂರ್ಯ ತನ್ನದೇ ಭಾರಕ್ಕೆ ಕುಗ್ಗುತ್ತಿದೆ, ಕುಗ್ಗುವಾಗ ಬಿಸಿಯಾಗುತ್ತದೆ, ಆ ಬಿಸಿಯೇ ಬೆಳಕು ಎಂದರು. ಲೆಕ್ಕ ಹಾಕಿದರೆ ಆಯುಸ್ಸು ಕೆಲವು ಕೋಟಿ ವರ್ಷ ಮಾತ್ರ. ಬಂಡೆಗಳ ಪದರ ಓದುತ್ತಿದ್ದವರಿಗೂ ಜೀವವಿಕಾಸದ ಬಗ್ಗೆ ಬರೆಯುತ್ತಿದ್ದ ಡಾರ್ವಿನ್‌ಗೂ ಅಷ್ಟು ಕಾಲ ಸಾಲುತ್ತಿರಲಿಲ್ಲ. ಕೆಲ್ವಿನ್ ಪಟ್ಟು ಬಿಡಲಿಲ್ಲ. ಅವರ ಗಣಿತದಲ್ಲಿ ತಪ್ಪಿರಲಿಲ್ಲ, ಪರಮಾಣುವಿನ ಒಳಗೆ ಶಕ್ತಿ ಅಡಗಿದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ.

ಸುಳಿವು ಸಿಕ್ಕಿದ್ದು 1920ರಲ್ಲಿ. ನಾಲ್ಕು ಜಲಜನಕದ ಪರಮಾಣುಗಳ ತೂಕಕ್ಕಿಂತ ಒಂದು ಹೀಲಿಯಂ ಪರಮಾಣು ಸುಮಾರು ಶೇ. 0.7ರಷ್ಟು ಹಗುರ ಎಂಬುದು ಬ್ರಿಟಿಷ್ ವಿಜ್ಞಾನಿ ಆಸ್ಟನ್ ಅವರ ಅಳತೆಗಳಿಂದ ಹೊರಬಿತ್ತು. ಕಾಣೆಯಾದ ಆ ತೂಕವೇ ನಕ್ಷತ್ರಗಳ ಶಕ್ತಿಯ ಮೂಲವಾಗಿರಬಹುದು ಎಂದು ಅದೇ ವರ್ಷ ಖಗೋಳವಿಜ್ಞಾನಿ ಎಡಿಂಗ್ಟನ್ ಹೇಳಿದರು. ಆದರೆ ಸೂರ್ಯನಲ್ಲಿ ಅಷ್ಟು ಜಲಜನಕ ಇರಬೇಕಲ್ಲ? ಭೂಮಿಯಂತೆ ಸೂರ್ಯನಲ್ಲೂ ಕಬ್ಬಿಣವೇ ಹೆಚ್ಚೆಂದು ಹಲವರು ನಂಬಿದ್ದ ಕಾಲ ಅದು. ಮೇಘನಾದ ಸಾಹಾ 1920ರಲ್ಲಿ ಪ್ರಕಟಿಸಿದ ಅಯಾನೀಕರಣದ (ಬಿಸಿಗೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವುದರ) ಸಮೀಕರಣವನ್ನು ನಕ್ಷತ್ರಗಳ ರೋಹಿತಕ್ಕೆ, ಅಂದರೆ ಬಣ್ಣಗಳಾಗಿ ಬಿಡಿಸಿದ ಅವುಗಳ ಬೆಳಕಿಗೆ ಹಚ್ಚಿ, ಅಲ್ಲಿರುವುದು ಬಹುಪಾಲು ಜಲಜನಕವೇ ಎಂದು ಸಿಸಿಲಿಯಾ ಪೇನ್ 1925ರಲ್ಲಿ ತೋರಿಸಿದರು. ಹಿರಿಯ ವಿಜ್ಞಾನಿಗಳ ಒತ್ತಾಯಕ್ಕೆ ಮಣಿದು, ಆ ಅಂಕಿ ಬಹುಶಃ ನಿಜವಲ್ಲ ಎಂಬ ಮಾತನ್ನೂ ಪ್ರಬಂಧದಲ್ಲಿ ಸೇರಿಸಬೇಕಾಯಿತು. ನಿಜವಾಗಿದ್ದದ್ದು ಅಂಕಿಯೇ.

ಈಗ ಲೆಕ್ಕ ಹೀಗಿದೆ. ಸೂರ್ಯನ ತಿರುಳಿನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಲಿಯಂ ಆಗುತ್ತದೆ. ಅದರಲ್ಲಿ 42 ಲಕ್ಷ ಟನ್‌ನಷ್ಟು ದ್ರವ್ಯ ಶಕ್ತಿಯಾಗಿ ಹೊರಡುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೂ 457 ಕೋಟಿ ವರ್ಷಗಳಲ್ಲಿ ಸೂರ್ಯ ಹೀಗೆ ಕಳೆದುಕೊಂಡದ್ದು ತನ್ನ ದ್ರವ್ಯರಾಶಿಯ ಶೇ. 0.03ನ್ನೂ ಮೀರಿಲ್ಲ.

ಒಂಬೈನೂರು ಕೋಟಿ ವರ್ಷದ ಕಾಯುವಿಕೆ

ಸೂರ್ಯನ ನಡುಭಾಗದ ಉಷ್ಣತೆ ಸುಮಾರು 1.57 ಕೋಟಿ ಕೆಲ್ವಿನ್ (ಇಷ್ಟು ಬಿಸಿಯಲ್ಲಿ ಡಿಗ್ರಿ ಸೆಲ್ಸಿಯಸ್ ಎಂದೇ ಓದಿಕೊಳ್ಳಬಹುದು). ಒಂದು ಲೀಟರ್ ಪಾತ್ರೆಯಲ್ಲಿ ಅಲ್ಲಿನ ಅನಿಲ ತುಂಬಿದರೆ 150 ಕಿಲೋ ತೂಗುತ್ತದೆ. ಇಷ್ಟಿದ್ದರೂ ಜಲಜನಕದ ಎರಡು ಬೀಜಗಳು, ಅಂದರೆ ಎರಡು ಪ್ರೋಟಾನ್‌ಗಳು, ಕೂಡಲು ಆ ಬಿಸಿ ಸಾಲದು. ಎರಡಕ್ಕೂ ಧನ ವಿದ್ಯುದಂಶ, ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟವನ್ನು ಬರೀ ವೇಗದಿಂದ ಗೆಲ್ಲಬೇಕಾದರೆ ಸಾವಿರ ಕೋಟಿ ಕೆಲ್ವಿನ್‌ನ ಆಸುಪಾಸಿನ ಉಷ್ಣತೆ ಬೇಕು. ಕ್ವಾಂಟಂ ಲೋಕದ ನಿಯಮ ಇಲ್ಲಿ ಕೈಹಿಡಿಯುತ್ತದೆ. ಗೋಡೆ ಹತ್ತಲಾಗದ ಕಣಕ್ಕೂ ಗೋಡೆಯ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುವ ಒಂದಿಷ್ಟು ಸಾಧ್ಯತೆ ಇರುತ್ತದೆ. ಈ ಸುರಂಗದಾಟವನ್ನು ಪರಮಾಣು ಬೀಜಗಳ ವಿಷಯದಲ್ಲಿ ಭೌತವಿಜ್ಞಾನಿ ಗ್ಯಾಮೊ 1928ರಲ್ಲಿ ವಿವರಿಸಿದರು.

ಹತ್ತಿರ ಬಂದರಷ್ಟೇ ಮುಗಿಯಲಿಲ್ಲ. ಎರಡು ಪ್ರೋಟಾನ್‌ಗಳು ಸೇರಿ ಗಟ್ಟಿಯಾಗಿ ನಿಲ್ಲುವ ಬೀಜವೇ ಪ್ರಕೃತಿಯಲ್ಲಿಲ್ಲ. ಅವೆರಡೂ ಒತ್ತಟ್ಟಿಗಿರುವ ಆ ಕ್ಷಣದಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗಬೇಕು. ಇದು ಪ್ರಕೃತಿಯ ಮೂಲ ಬಲಗಳಲ್ಲೊಂದಾದ ದುರ್ಬಲ ಬಲದ ಕೆಲಸ, ತೀರ ಅಪರೂಪಕ್ಕೆ ನಡೆಯುವಂಥದ್ದು. ಸೂರ್ಯನ ತಿರುಳಿನಲ್ಲಿರುವ ಒಂದು ಪ್ರೋಟಾನ್‌ಗೆ ಈ ಯೋಗ ಕೂಡಿಬರಲು ಸರಾಸರಿ 900 ಕೋಟಿ ವರ್ಷ ಬೇಕು. ಕೂಡಿಬಂದರೆ ಭಾರಜಲಜನಕದ ಬೀಜ ಹುಟ್ಟುತ್ತದೆ, ಜೊತೆಗೆ ಒಂದು ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್), ಒಂದು ನ್ಯೂಟ್ರಿನೊ (ಯಾವುದಕ್ಕೂ ಸುಲಭಕ್ಕೆ ತಾಗದ ಪುಟ್ಟ ಕಣ). ಮುಂದಿನ ಹೆಜ್ಜೆಗೆ ಕೆಲವೇ ಸೆಕೆಂಡು ಸಾಕು: ಇನ್ನೊಂದು ಪ್ರೋಟಾನ್ ಸೇರಿ ಹೀಲಿಯಂ-3 ಆಗುತ್ತದೆ. ಎರಡು ಹೀಲಿಯಂ-3 ಬೀಜಗಳು ಲಕ್ಷಾಂತರ ವರ್ಷ ಅಲೆದು ಎದುರಾದರೆ ಒಂದು ಹೀಲಿಯಂ-4 ಹುಟ್ಟಿ ಎರಡು ಪ್ರೋಟಾನ್‌ಗಳು ಬಿಡುಗಡೆಯಾಗುತ್ತವೆ.

ನಾವು ಇಂದು ಇಲ್ಲಿರುವುದಕ್ಕೆ ಆ ಮೊದಲ ಹೆಜ್ಜೆಯ ಆಮೆವೇಗವೇ ಕಾರಣ. ಅದು ಚುರುಕಾಗಿದ್ದರೆ ಸೂರ್ಯನ ಇಂಧನ ಯಾವತ್ತೋ ತೀರುತ್ತಿತ್ತು. ಇಡೀ ಸೂರ್ಯನ ಲೆಕ್ಕ ಹಿಡಿದರೆ ಒಂದು ಕಿಲೋ ದ್ರವ್ಯಕ್ಕೆ ಹುಟ್ಟುವ ಶಕ್ತಿ 0.0002 ವ್ಯಾಟ್. ಸುಮ್ಮನೆ ಕೂತ ಮನುಷ್ಯನ ಮೈ ಕಿಲೋ ಲೆಕ್ಕದಲ್ಲಿ ಇದರ 7,000 ಪಟ್ಟು ಶಾಖ ಹುಟ್ಟಿಸುತ್ತದೆ. ಸೂರ್ಯನ ನಟ್ಟನಡುವೆಯೂ ಒಂದು ಘನ ಮೀಟರಿಗೆ 280 ವ್ಯಾಟ್‌ಗಿಂತ ಕಡಿಮೆ, ಚೆನ್ನಾಗಿ ಕೊಳೆಯುತ್ತಿರುವ ತಿಪ್ಪೆಯ ಒಳಬಿಸಿಯ ಮಟ್ಟ. ಸೂರ್ಯ ಪ್ರಖರವಾಗಿರುವುದು ಗಾತ್ರದಿಂದ, ರಭಸದಿಂದಲ್ಲ.

ಈ ಕಾರಣಕ್ಕೇ ‘ಭೂಮಿಯ ಮೇಲೊಂದು ಸೂರ್ಯ’ ಎಂಬ ಪತ್ರಿಕಾ ಶೀರ್ಷಿಕೆಗಳು ದಾರಿ ತಪ್ಪಿಸುತ್ತವೆ. ಸೂರ್ಯನ ವಿಧಾನವನ್ನು ಇಲ್ಲಿ ಅನುಕರಿಸಿ ಪ್ರಯೋಜನವಿಲ್ಲ, ತಿಪ್ಪೆಯಷ್ಟು ಶಾಖಕ್ಕೆ ಯಾರು ಸ್ಥಾವರ ಕಟ್ಟುತ್ತಾರೆ? ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಕಟ್ಟುವ ಯಂತ್ರಗಳಾದ ಟೋಕಮಾಕ್‌ಗಳು ಆ ಮೊದಲ ಹೆಜ್ಜೆಯನ್ನು ಬಿಟ್ಟು ನೇರವಾಗಿ ಡ್ಯೂಟೀರಿಯಂ (ಭಾರಜಲಜನಕ) ಮತ್ತು ಟ್ರಿಟಿಯಂ (ಇನ್ನೂ ಭಾರದ ಜಲಜನಕ) ಬಳಸುತ್ತವೆ, ಸೂರ್ಯನ ತಿರುಳಿಗಿಂತ ಹತ್ತು ಪಟ್ಟು ಬಿಸಿಯಲ್ಲಿ, ಸುಮಾರು 15 ಕೋಟಿ ಡಿಗ್ರಿಯಲ್ಲಿ.

ತಾನೇ ತಗ್ಗಿಸಿಕೊಳ್ಳುವ ಒಲೆ

ಬೀಜಗಳು ಹೀಗೆ ಕೂಡುವುದೇ ಸಮ್ಮಿಲನ, ಅದರ ವೇಗ ಉಷ್ಣತೆಗೆ ಬಲು ಸೂಕ್ಷ್ಮ. ತಿರುಳು ಶೇ. 1ರಷ್ಟು ಬಿಸಿಯೇರಿದರೆ ಶಕ್ತಿಯ ಉತ್ಪಾದನೆ ಸುಮಾರು ಶೇ. 4ರಷ್ಟು ಏರುತ್ತದೆ. ಹಾಗಿದ್ದ ಮೇಲೆ ಬಿಸಿ ಹೆಚ್ಚಿ, ಸಮ್ಮಿಲನ ಹೆಚ್ಚಿ, ಇನ್ನೂ ಬಿಸಿಯಾಗಿ ಸೂರ್ಯ ಬಾಂಬಿನಂತೆ ಸಿಡಿಯಬೇಕಿತ್ತಲ್ಲ? ಸಿಡಿಯದಿರಲು ಕಾರಣ ತಿರುಳಿಗೆ ಕಟ್ಟುನಿಟ್ಟಾದ ಗೋಡೆಯಿಲ್ಲ. ಅದನ್ನು ಅದುಮಿ ಹಿಡಿದಿರುವುದು ಮೇಲಿನ ಅನಿಲದ ಭಾರ ಮಾತ್ರ. ಬಿಸಿ ಹೆಚ್ಚಿದರೆ ಒತ್ತಡ ಹೆಚ್ಚಿ ತಿರುಳು ಹಿಗ್ಗುತ್ತದೆ, ಹಿಗ್ಗಿದರೆ ತಣಿಯುತ್ತದೆ, ಸಮ್ಮಿಲನ ಇಳಿಯುತ್ತದೆ. ಇಳಿದದ್ದು ಅತಿಯಾದರೆ ಭಾರ ಗೆದ್ದು ತಿರುಳು ಕುಗ್ಗುತ್ತದೆ, ಮತ್ತೆ ಬಿಸಿಯಾಗುತ್ತದೆ. ಕುಕ್ಕರಿನ ವಿಸಿಲ್ ಆವಿ ಬಿಟ್ಟು ಒತ್ತಡ ಹಿಡಿತದಲ್ಲಿಡುವಂತೆ ಎನ್ನಬಹುದು, ಆದರೆ ಇಲ್ಲಿ ಏನನ್ನೂ ಹೊರಗೆ ಬಿಡಬೇಕಾಗಿಲ್ಲ, ಮುಚ್ಚಳವೇ ಮೇಲೆ ಕೆಳಗೆ ಸರಿಯುತ್ತದೆ. ಈ ಏರ್ಪಾಡು ಕೆಡುವ ಸಂದರ್ಭವೂ ಮುಂದೆ ಬರಲಿದೆ.

ತಿರುಳಿನಲ್ಲಿ ಹುಟ್ಟಿದ ಶಕ್ತಿ ಹೊರಗೆ ಬರುವುದೂ ಸಾವಕಾಶವಾಗಿಯೇ. ಗಾಮಾ ಕಿರಣ ಒಂದು ಸೆಂಟಿಮೀಟರಿನ ಚೂರುಪಾರು ದೂರ ಹೋಗುವಷ್ಟರಲ್ಲಿ ಎಲೆಕ್ಟ್ರಾನಿಗೆ ತಾಗಿ ದಿಕ್ಕು ತಪ್ಪುತ್ತದೆ. ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕವನಂತೆ ಹಿಂದೆ ಮುಂದೆ ಅಲೆದು ಹೊರಮೈ ಮುಟ್ಟುವುದಕ್ಕೆ ಹತ್ತು ಸಾವಿರದಿಂದ ಸುಮಾರು ಎರಡು ಲಕ್ಷ ವರ್ಷ ಎಂದು ಬೇರೆ ಬೇರೆ ಲೆಕ್ಕಗಳಿವೆ. ಹೊರಟ ಕಣವೇ ಹೊರಬೀಳುವುದಲ್ಲ. ಅದರ ಶಕ್ತಿ ದಾರಿಯಲ್ಲಿ ಚಿಲ್ಲರೆಯಾಗಿ ಲಕ್ಷಾಂತರ ಬೆಳಕಿನ ಕಣಗಳಾಗುತ್ತದೆ. ಹೊರಗಿನ ಶೇ. 30ರಷ್ಟು ದಪ್ಪದಲ್ಲಿ ಅನಿಲವೇ ಅನ್ನದ ಎಸರಿನಂತೆ ಕುದಿದು ಶಾಖವನ್ನು ಮೇಲೆ ಹೊರುತ್ತದೆ. ಸುಮಾರು 5,500 ಡಿಗ್ರಿ ಸೆಲ್ಸಿಯಸ್‌ನ ಹೊರಮೈಯಿಂದ ಹೊರಟ ಮೇಲೆ ನಮ್ಮ ಅಂಗಳಕ್ಕೆ 8 ನಿಮಿಷ 20 ಸೆಕೆಂಡು.

ನ್ಯೂಟ್ರಿನೊಗಳಿಗೆ ಈ ಅಲೆದಾಟವಿಲ್ಲ, ಎರಡು ಚಿಲ್ಲರೆ ಸೆಕೆಂಡುಗಳಲ್ಲಿ ಅವು ಸೂರ್ಯನಿಂದ ಹೊರಗೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ಸೂರ್ಯ ನ್ಯೂಟ್ರಿನೊಗಳು ಹಾದುಹೋಗುತ್ತಿವೆ, ರಾತ್ರಿ ಹೊತ್ತು ಭೂಮಿಯನ್ನೇ ತೂರಿಕೊಂಡು. ಅಮೆರಿಕದ ದಕ್ಷಿಣ ಡಕೋಟಾದ ಒಂದು ಚಿನ್ನದ ಗಣಿಯಲ್ಲಿ ರೇಮಂಡ್ ಡೇವಿಸ್ 3.8 ಲಕ್ಷ ಲೀಟರ್ ಡ್ರೈಕ್ಲೀನಿಂಗ್ ದ್ರವ ತುಂಬಿಟ್ಟು ಇವುಗಳಿಗೆ ಬಲೆ ಬೀಸಿದರು. ದ್ರವದಲ್ಲಿರುವ ಕ್ಲೋರಿನ್‌ಗೆ ನ್ಯೂಟ್ರಿನೊ ತಾಗಿ ಎರಡು ದಿನಕ್ಕೆ ಒಂದರಂತೆ ಹುಟ್ಟುವ ಆರ್ಗಾನ್ ಪರಮಾಣುಗಳನ್ನು ಅಷ್ಟೂ ದ್ರವದಿಂದ ಹೆಕ್ಕಿ ಎಣಿಸಬೇಕು! ಸಿಕ್ಕಿದ್ದು ನಿರೀಕ್ಷೆಯ ಮೂರನೇ ಒಂದು ಭಾಗ. ಸೂರ್ಯನ ಲೆಕ್ಕ ತಪ್ಪೋ, ಎಣಿಕೆ ತಪ್ಪೋ ಎಂದು ಮೂರು ದಶಕ ಜಗ್ಗಾಟ ನಡೆಯಿತು. ಎರಡೂ ಸರಿಯಿದ್ದವು. ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ, ಡೇವಿಸ್‌ರ ಬಲೆಗೆ ಬೀಳುವುದು ಒಂದೇ ಬಗೆ ಎಂದು ಕೆನಡಾದ ಸಡ್ಬರಿ ವೀಕ್ಷಣಾಲಯ 2001–02ರಲ್ಲಿ ತೋರಿಸಿತು. ನ್ಯೂಟ್ರಿನೊ ಚರಿತ್ರೆಯಲ್ಲಿ ನಮ್ಮದೂ ಒಂದು ಚಿನ್ನದ ಗಣಿಯಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲು ಗುರುತಿಸಿದ ಪ್ರಯೋಗಗಳಲ್ಲೊಂದು 1965ರಲ್ಲಿ ಕೋಲಾರದ ಕೆಜಿಎಫ್‌ನಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ನಡೆಯಿತು.

ಪ್ರಖರವಾಗುತ್ತಿರುವ ಸೂರ್ಯ

ಮರಡಿಹಳ್ಳಿಯ ತೊಡಕಿಗೆ ಮರಳೋಣ. ಇಂಧನ ಕರಗುತ್ತ ಬಂದ ಒಲೆ ಮಂಕಾಗಬೇಕು, ಸೂರ್ಯನದು ತಿರುಗುಮುರುಗು. ಕಾರಣ ಕಣಗಳ ಎಣಿಕೆಯಲ್ಲಿದೆ. ನಾಲ್ಕು ಪ್ರೋಟಾನ್, ಅವುಗಳ ಜೊತೆಗಿನ ನಾಲ್ಕು ಎಲೆಕ್ಟ್ರಾನ್, ಒಟ್ಟು ಎಂಟು ಕಣ. ಸಮ್ಮಿಲನದ ನಂತರ ಉಳಿಯುವುದು ಒಂದು ಹೀಲಿಯಂ ಬೀಜ ಮತ್ತು ಎರಡು ಎಲೆಕ್ಟ್ರಾನ್, ಒಟ್ಟು ಮೂರು. ಅನಿಲದ ಒತ್ತಡ ಕಣಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. ಹೊರಲು ಎಂಟು ಜನರಿದ್ದ ಕಡೆ ಮೂವರು ಉಳಿದರೆ ಆ ಮೂವರೂ ಹೆಚ್ಚು ಬಲ ಹಾಕಬೇಕು. ಹಾಗೆ ತಿರುಳು ಕೊಂಚ ಕುಗ್ಗಿ, ಕೊಂಚ ಬಿಸಿಯೇರಿ ಮೇಲಿನ ಭಾರ ತಡೆಯುತ್ತದೆ. ಬಿಸಿಯೇರಿದ್ದಕ್ಕೆ ಸಮ್ಮಿಲನ ಚುರುಕಾಗುತ್ತದೆ. ಹುಟ್ಟಿದಾಗ ಈಗಿನ ಶೇ. 70ರಷ್ಟಿದ್ದ ಕಾಂತಿ ಹೀಗೆ ಏರುತ್ತ ಬಂದಿದೆ. ಮುಂದೆಯೂ ಸುಮಾರು 100 ಕೋಟಿ ವರ್ಷಕ್ಕೆ ಶೇ. 10ರಂತೆ ಏರಲಿದೆ.

ಭೂಮಿ ಹೇಗೆ ತಾಳಿಕೊಂಡಿತು? ಅಂದು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್‌ನಂಥ ಶಾಖ ಹಿಡಿದಿಡುವ ಅನಿಲಗಳು ಹೆಚ್ಚಿದ್ದವು. ಭೂಮಿಗೂ ತನ್ನದೇ ಒಂದು ನಿಯಂತ್ರಕವಿದೆ. ಮಳೆನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಸೌಮ್ಯ ಆಮ್ಲವಾಗಿ ಬಂಡೆಯನ್ನು ತಿನ್ನುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಹೊಳೆ ಸೇರಿ ಕಡಲಿಗೆ ಹೋಗಿ ಸುಣ್ಣಕಲ್ಲಾಗಿ ತಳಕ್ಕಿಳಿಯುತ್ತದೆ. ಜಗತ್ತು ಬಿಸಿಯಾದಷ್ಟೂ ಈ ಸವೆತ ಚುರುಕು, ಅನಿಲ ಅಷ್ಟು ಬೇಗ ಕಲ್ಲಾಗುತ್ತದೆ. ತಣ್ಣಗಾದರೆ ಸವೆತ ಕುಂಟುತ್ತದೆ, ಜ್ವಾಲಾಮುಖಿಗಳು ಉಗುಳಿದ್ದು ಗಾಳಿಯಲ್ಲಿ ಕೂಡಿಕೊಳ್ಳುತ್ತದೆ. ನಿಮ್ಮ ಮನೆಗೆ ಶಹಾಬಾದ್ ಹಾಸುಗಲ್ಲು ಹಾಕಿದ್ದರೆ ನೀವು ನಡೆದಾಡುತ್ತಿರುವುದು ಹೀಗೆ ಸೆರೆಯಾದ ಗಾಳಿಯ ಮೇಲೆ. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ಶೇ. 44 ಕಾರ್ಬನ್ ಡೈಆಕ್ಸೈಡ್.

ಈ ನಿಯಂತ್ರಕಕ್ಕೂ ಮಿತಿಯಿದೆ. ಸೂರ್ಯ ಪ್ರಖರವಾದಂತೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯುತ್ತ ಹೋದರೆ ಗಿಡಗಳಿಗೆ ಊಟವೇ ಸಿಗದಂತಾಗುತ್ತದೆ. ಭತ್ತ, ಗೋಧಿ, ತೊಗರಿ, ಮಾವು, ತೇಗ ಎಲ್ಲ ಈ ಅನಿಲವನ್ನು ಗಾಳಿಯಿಂದ ನೇರವಾಗಿ ಬಳಸುವ ಸಿ-3 ಬಗೆಯ ಗಿಡಗಳು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 150 ಭಾಗಕ್ಕಿಂತ ಕಡಿಮೆಯಾದರೆ ಅವಕ್ಕೆ ಬೆಳೆಯುವುದು ಕಷ್ಟ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಸಿ-4 ಬಗೆಯವು, ಎಲೆಯೊಳಗೇ ಅನಿಲವನ್ನು ಗುಡ್ಡೆಹಾಕಿಕೊಂಡು ಬಳಸುತ್ತವೆ. 10 ಭಾಗದ ಆಸುಪಾಸಿನವರೆಗೂ ಅವು ಹೇಗೋ ನಿಭಾಯಿಸಬಲ್ಲವು. ಮಾದರಿಗಳ ಪ್ರಕಾರ ಈ ಅಭಾವ ಕಾಡುವುದು ಇನ್ನು 50ರಿಂದ 100 ಕೋಟಿ ವರ್ಷಗಳ ನಡುವೆ. ಅನ್ನದ ತಟ್ಟೆ ಖಾಲಿಯಾದ ಮೇಲೂ ಮುದ್ದೆಯ ತಟ್ಟೆಯಲ್ಲಿ ಒಂದಿಷ್ಟು ಕಾಲ ಏನಾದರೂ ಇರುತ್ತದೆ ಎಂದಾಯಿತು!

ಸರಿಸುಮಾರು 100 ಕೋಟಿ ವರ್ಷದ ಹೊತ್ತಿಗೆ ಸೂರ್ಯ ಶೇ. 10ರಷ್ಟು ಪ್ರಖರವಾದಾಗ ಕಡಲಿನ ಸರದಿ. ನೀರಾವಿ ವಾತಾವರಣದ ಮೇಲಿನ ಪದರಗಳಿಗೂ ಏರುತ್ತದೆ, ಅಲ್ಲಿ ನೇರಳಾತೀತ ಕಿರಣ ಅದನ್ನು ಒಡೆಯುತ್ತದೆ, ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಜಾರಿಹೋಗುತ್ತದೆ. ಹೋದ ಜಲಜನಕ ಮರಳುವುದಿಲ್ಲ, ಅಂದರೆ ಕಡಲೂ ಮರಳುವುದಿಲ್ಲ. ಸೂರ್ಯನಿಗೆ ಇನ್ನೂ 500 ಕೋಟಿ ವರ್ಷ ಆಯುಸ್ಸಿದೆ ಎಂಬ ಮಾತು ಸರಿಯೇ, ಆದರೆ ಅದನ್ನು ಭೂಮಿಯ ಜೀವಕುಲದ ಆಯುಸ್ಸೆಂದು ಓದಿಕೊಳ್ಳಬಾರದು.

ಇದನ್ನು ಹೇಳಿದ ಕೂಡಲೇ ‘ಹಾಗಾದರೆ ಈಗಿನ ತಾಪಮಾನ ಏರಿಕೆಗೂ ಸೂರ್ಯನೇ ಕಾರಣ’ ಎನ್ನುವವರಿದ್ದಾರೆ. ಅಂಕಿ ನೋಡಿ. ಈ ಏರಿಕೆಯಿಂದ ನೂರು ವರ್ಷದಲ್ಲಿ ಹೆಚ್ಚುವ ಕಾಂತಿ ಶೇ. 0.000001. ಸುಮಾರು 11 ವರ್ಷದ ಸೂರ್ಯಕಲೆಗಳ ಆವರ್ತದಲ್ಲಿ ಕಾಂತಿ ಏರಿಳಿಯುವುದು ಶೇ. 0.1ರಷ್ಟು. ಭೂಮಿಯ ದೂರದಲ್ಲಿ ಚದರ ಮೀಟರಿಗೆ ಬೀಳುವ 1,361 ವ್ಯಾಟ್‌ನಲ್ಲಿ ಅದು ಸುಮಾರು 1.4 ವ್ಯಾಟ್. ಭೂಮಿ ಗುಂಡಗಿರುವುದನ್ನೂ ಒಂದು ಪಾಲು ಬೆಳಕು ಪ್ರತಿಫಲಿಸುವುದನ್ನೂ ಲೆಕ್ಕಕ್ಕೆ ತಂದರೆ ಉಳಿಯುವುದು 0.25 ವ್ಯಾಟ್‌ಗೂ ಕಡಿಮೆ, ಅದೂ ಐದಾರು ವರ್ಷದಲ್ಲಿ ಮತ್ತೆ ಇಳಿಯುವಂಥದ್ದು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ಬೀಳುವ ಹೊರೆ ಸುಮಾರು 3.7 ವ್ಯಾಟ್. ಬಿಸಿಗೆ ಸೂರ್ಯ ಕಾರಣನಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ನಡೆಯುತ್ತಿರುವುದು ಬೇರೆ: ನೆಲದ ಹತ್ತಿರ ಬಿಸಿ, ಮೇಲಿನ ಸ್ತರಗೋಳದಲ್ಲಿ ತಂಪು.

ನಿಯಂತ್ರಕ ಕೆಟ್ಟಾಗ

ಸೂರ್ಯನಲ್ಲಿ ಜಲಜನಕ ಬೇಕಾದಷ್ಟಿದೆ, ಆದರೆ ಕೈಗೆಟಕುವುದು ತಿರುಳಿನದು ಮಾತ್ರ. ತಿರುಳಿನ ಸುತ್ತಲಿನ ಪದರ ಕದಡುವುದಿಲ್ಲ, ಸೌಟು ಹಾಕದ ಸಾರಿನಂತೆ ಮೇಲಿನದು ಮೇಲೆ, ತಳದ್ದು ತಳದಲ್ಲಿ. ಹಾಗಾಗಿ ಒಟ್ಟು ಜಲಜನಕದ ಹತ್ತನೇ ಒಂದು ಭಾಗದಷ್ಟು ಮುಗಿದಾಗಲೇ ಸಂಕಟ ಶುರು. ಚಿಕ್ಕ ಕೆಂಪು ಕುಬ್ಜ ನಕ್ಷತ್ರಗಳು ಒಳಗೆಲ್ಲ ಕದಡಿಕೊಂಡು ಪೂರ್ತಿ ಇಂಧನ ಬಳಸುತ್ತವೆ, ಲಕ್ಷಾಂತರ ಕೋಟಿ ವರ್ಷ ಬದುಕುತ್ತವೆ.

ಇನ್ನು ಸುಮಾರು 500 ಕೋಟಿ ವರ್ಷಕ್ಕೆ ತಿರುಳು ಬರೀ ಹೀಲಿಯಂ ಆಗಿ ಕುಗ್ಗತೊಡಗುತ್ತದೆ. ಅದರ ಸುತ್ತಲಿನ ಚಿಪ್ಪಿನಲ್ಲಿ ಜಲಜನಕದ ಸಮ್ಮಿಲನ ಭರಾಟೆಯಿಂದ ನಡೆಯುತ್ತದೆ. ಆ ಶಾಖಕ್ಕೆ ಹೊರಪದರ ಉಬ್ಬುತ್ತದೆ, ಮೈ ಅಗಲವಾದಂತೆ ತಣಿದು ಕೆಂಪಾಗುತ್ತದೆ. ಇದೇ ಕೆಂಪು ದೈತ್ಯ. 2008ರಲ್ಲಿ ಶ್ರೋಡರ್ ಮತ್ತು ಸ್ಮಿತ್ ಮಾಡಿದ ಲೆಕ್ಕದ ಪ್ರಕಾರ ಇನ್ನು 759 ಕೋಟಿ ವರ್ಷಕ್ಕೆ ಸೂರ್ಯನ ತ್ರಿಜ್ಯ ಈಗಿನ 256 ಪಟ್ಟು, ಅಂದರೆ ಸುಮಾರು 17.8 ಕೋಟಿ ಕಿಲೋಮೀಟರ್. ಈಗ ಭೂಮಿ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಷ್ಟರಲ್ಲಿ ಮೂರನೇ ಒಂದು ಪಾಲು ತೂಕ ಕಳೆದುಕೊಂಡ ಸೂರ್ಯನ ಹಿಡಿತ ಸಡಿಲಗೊಂಡು ಭೂಮಿ ದೂರ ಸರಿಯುತ್ತದೆ. ಆದರೆ ಉಬ್ಬರವಿಳಿತದ ಸೆಳೆತ ಅದನ್ನು ಒಳಕ್ಕೆ ಎಳೆಯುತ್ತದೆ. ಅವರ ಲೆಕ್ಕದಲ್ಲಿ ಗೆಲ್ಲುವುದು ಎಳೆತವೇ, ಭೂಮಿ ಮುಳುಗುತ್ತದೆ.

ಕುಗ್ಗಿದ ತಿರುಳಿನಲ್ಲಿ ಈ ಹೊತ್ತಿಗೆ ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿವೆ. ಒಂದರ ಜಾಗದಲ್ಲಿ ಇನ್ನೊಂದು ಇರಲಾಗದು ಎಂಬ ಕ್ವಾಂಟಂ ನಿಯಮದಿಂದಲೇ ಅಲ್ಲಿನ ಒತ್ತಡ, ಉಷ್ಣತೆಯಿಂದಲ್ಲ. ಮೇಲೆ ಹೇಳಿದ ನಿಯಂತ್ರಕ ಕೈಕೊಡುವುದು ಇಲ್ಲಿ. 10 ಕೋಟಿ ಕೆಲ್ವಿನ್ ತಲುಪಿ, ಮೂರು ಹೀಲಿಯಂ ಬೀಜಗಳು ಕೂಡಿ ಇಂಗಾಲವಾಗಲು ಶುರುವಾದಾಗ ಬಿಸಿ ಏರುತ್ತದೆ, ಆದರೆ ತಿರುಳು ಹಿಗ್ಗುವುದಿಲ್ಲ. ತಗ್ಗಿಸುವವರಿಲ್ಲದ ಒಲೆ ಕೆಲ ಹೊತ್ತು ಈಗಿನ ಸೂರ್ಯನ ಶತಕೋಟಿಗಟ್ಟಲೆ ಪಟ್ಟು ಶಕ್ತಿ ಕಾರುತ್ತದೆ. ಹೊರಗೆ ನಿಂತು ನೋಡಿದವರಿಗೆ ಅದರ ಸುಳಿವೂ ಸಿಗದು, ಆ ಶಕ್ತಿಯೆಲ್ಲ ತಿರುಳಿನ ಬಿಗಿ ಬಿಡಿಸುವುದರಲ್ಲೇ ವ್ಯಯವಾಗುತ್ತದೆ. ಬಿಗಿ ಬಿಟ್ಟ ಮೇಲೆ ಹಿಗ್ಗು-ಕುಗ್ಗಿನ ಹಳೆಯ ಹದ ಮರಳಿ, ಸುಮಾರು 10 ಕೋಟಿ ವರ್ಷ ಹೀಲಿಯಂನ ಬಲದ ಮೇಲೆ ಬಾಳು ಸಾಗುತ್ತದೆ.

ಅದೂ ತೀರಿದಾಗ ಸೂರ್ಯ ಎರಡನೇ ಸಲ ಉಬ್ಬಿ ಹೊರಪದರಗಳನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ. ಸ್ಫೋಟವಿಲ್ಲ, ಸೂಪರ್‌ನೋವಾ ಆಗುವಷ್ಟು ತೂಕ ಸೂರ್ಯನಿಗಿಲ್ಲ. ಉಳಿಯುವುದು ಇಂಗಾಲ ಮತ್ತು ಆಮ್ಲಜನಕದ ಒಂದು ಶ್ವೇತ ಕುಬ್ಜ. ಈಗಿನ ಸೂರ್ಯನ ಅರ್ಧಕ್ಕಿಂತ ತುಸು ಹೆಚ್ಚು ತೂಕ, ಗಾತ್ರ ಮಾತ್ರ ಭೂಮಿಯಷ್ಟು, ಒಂದು ಚಮಚದಷ್ಟು ದ್ರವ್ಯಕ್ಕೆ ಟನ್‌ಗಟ್ಟಲೆ ಭಾರ. ಇಂಥ ಕಾಯ ತನ್ನ ಭಾರವನ್ನು ಎಲ್ಲಿಯವರೆಗೆ ತಡೆದೀತು ಎಂದು 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಲೆಕ್ಕ ಹಾಕಿದವರು 19ರ ಹರೆಯದ ಚಂದ್ರಶೇಖರ್. ಆ ಮಿತಿ ಸುಮಾರು 1.4 ಸೂರ್ಯತೂಕ, ನಮ್ಮ ಸೂರ್ಯನ ಉಳಿಕೆ ಅದರ ಹತ್ತಿರವೂ ಸುಳಿಯುವುದಿಲ್ಲ. ಅದರಲ್ಲಿ ಸಮ್ಮಿಲನವಿಲ್ಲ. ಕೂಡಿಟ್ಟ ಬಿಸಿಯನ್ನೇ ಸೂಸುತ್ತ ಅದು ನೂರಾರು ಕೋಟಿ ವರ್ಷ ತಣಿಯುತ್ತ ಹೋಗುತ್ತದೆ, ಒಳಗಿನಿಂದ ಹರಳುಗಟ್ಟುತ್ತದೆ. ಇಂಧನವಿಲ್ಲದೆ ಬರೀ ತಣಿಯುತ್ತ ಹೊಳೆಯುವ ಗೋಳ. ಕುಗ್ಗುವುದೊಂದನ್ನು ಬಿಟ್ಟರೆ, ಕೆಲ್ವಿನ್ ಹಿಂದೆ ಪಟ್ಟುಹಿಡಿದು ಹೇಳಿದ ಸೂರ್ಯ ಆಗ ನಿಜವಾಗಿಯೂ ಇರುತ್ತಾನೆ.